‘ಬೇಡ’ ಎನ್ನುವ ಉಪಚಾರ

ನನಗೊಂದು ಚಟವಿದೆ. ಯಾರ ಮನೆಗೆ ಹೋದರೂ, ಅವರು ತಿಂಡಿಯ ತಟ್ಟೆ ಮುಂದೆ ಹಿಡಿದ ಕೂಡಲೇ ನನ್ನ ಬಾಯಿ ತಾನಾಗಿಯೇ ‘ಬೇಡ’ ಎಂದುಬಿಡುತ್ತದೆ. ಹೊಟ್ಟೆ ತುಂಬಿದ್ದರೆ ಮೆಲ್ಲಗೆ ಹೇಳುತ್ತೇನೆ, ಹಸಿದಿದ್ದರೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನೀವೂ ಹಾಗೇ ಮಾಡುವವರೆಂದು ನನಗೆ ಗೊತ್ತು. ನಮ್ಮ ಮಂಡ್ಯದ ಸುತ್ತಮುತ್ತ ಮೊದಲನೆಯ ಸಲಕ್ಕೇ ‘ಕೊಡಿ’ ಎಂದು ಕೈ ಚಾಚಿದವನನ್ನು ಬರಗೆಟ್ಟವನು ಎನ್ನುತ್ತಾರೆ. ಮೊದಲ ‘ಬೇಡ’ ನಾಚಿಕೆಯದು, ಎರಡನೆಯದು ಮರ್ಯಾದೆಯದು. ಮೂರನೆಯ ಸಲ ಕೇಳಿದಾಗ ಬಾಯಿ ಮುಚ್ಚಿಕೊಂಡು ತಟ್ಟೆ ತೆಗೆದುಕೊಳ್ಳಬೇಕು. ಆಗಲೂ ‘ಇಷ್ಟೊಂದಾ?’ ಎಂದು ಒಂದು ಮಾತು ಹೇಳಿದರೆ ಒಳ್ಳೆಯದು.

ಇದರಲ್ಲಿ ನನಗೆ ಒಂದೇ ಒಂದು ಕಡೆ ಅಪವಾದ ಕಂಡಿದೆ, ಅದು ದೇವರ ಮನೆಯಲ್ಲಿ. ಷೋಡಶೋಪಚಾರದಲ್ಲಿ ಆಸನ, ಅರ್ಘ್ಯ, ಸ್ನಾನ, ನೈವೇದ್ಯ ಎಂದು ಒಂದಾದ ಮೇಲೊಂದು ಕೊಡುತ್ತಲೇ ಹೋಗುತ್ತೇವೆ. ದೇವರು ಬೇಕು ಎನ್ನುವುದಿಲ್ಲ, ಬೇಡ ಎನ್ನುವುದೂ ಇಲ್ಲ. ಅವನಿಗೆ ಬಲವಂತ ಮಾಡುವ ಕಷ್ಟ ನಮಗಿಲ್ಲ, ಬಲವಂತ ಮಾಡಿಸಿಕೊಳ್ಳುವ ಸುಖ ಅವನಿಗಿಲ್ಲ. ಉಳಿದ ಕಡೆಯಲ್ಲೆಲ್ಲ, ಇಡೀ ಲೋಕದಲ್ಲಿ, ನಮ್ಮ ಮೂರು ಸಲದ ಏರ್ಪಾಡೇ ನಡೆಯುತ್ತಿದೆ ಎಂದು ನಾನು ಬಹಳ ದಿನ ನಂಬಿದ್ದೆ.

ನನ್ನ ಕಣ್ಣು ತೆರೆಸಿದವರು ಒಬ್ಬ ಜರ್ಮನ್ ದಂಪತಿ. ಯುದ್ಧ ಮುಗಿದರೂ ಅಂಗಡಿಯಲ್ಲಿ ಸಾಮಾನಿಗೆ ಸಾಲು ನಿಲ್ಲುವುದು ತಪ್ಪದ ಈ ದಿನಗಳಲ್ಲಿ, ಜರ್ಮನರ ಪದ್ಧತಿಗಳ ಬಗ್ಗೆ ನಗುನಗುತ್ತಾ ಬರೆಯುವುದು ಕೆಲವರಿಗೆ ಸರಿಕಾಣದೆ ಇರಬಹುದು. ನನಗೂ ಇದು ಬರೀ ನಗುವ ವಿಷಯವಲ್ಲ. ಅವರನ್ನು ನೆನೆದಾಗಲೆಲ್ಲ ಒಂದು ಮಹಡಿಯ ಕಿಟಕಿ ಕಣ್ಣ ಮುಂದೆ ಬರುತ್ತದೆ.

ಇದು ಯುದ್ಧ ಶುರುವಾಗುವ ಮೊದಲಿನ ಮಾತು. ಆಗ ನಾನು ಮಂಡ್ಯದ ಸಕ್ಕರೆ ಕಾರ್ಖಾನೆಯ ಪ್ರಯೋಗಶಾಲೆಯಲ್ಲಿ ಕಬ್ಬಿನ ಹಾಲಿನ ಸಿಹಿ ಅಳೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದೆ. ಮದುವೆಯಾಗಿರಲಿಲ್ಲ. ಕೆರಗೋಡಿನಿಂದ ಅವ್ವನನ್ನು ಕರೆದುಕೊಂಡು ಬಂದು ಕಾರ್ಖಾನೆಯವರ ಮನೆಗಳ ಲೈನಿನಲ್ಲಿ ಎರಡು ಕೋಣೆಯ ಮನೆ ಹೂಡಿದ್ದೆ. ನಮ್ಮ ಹಿತ್ತಿಲಿನಾಚೆ ಒಂದು ಮಹಡಿ ಬಂಗಲೆ. ಅದರಲ್ಲಿ ಯಂತ್ರಗಳ ಉಸ್ತುವಾರಿಗೆ ಜರ್ಮನಿಯಿಂದ ಬಂದ ಹಾನ್ಸ್ ಎಂಬ ಎಂಜಿನಿಯರೂ ಅವರ ಹೆಂಡತಿ ಹಿಲ್ಡಾ ಎಂಬಾಕೆಯೂ ಇದ್ದರು. ಮಂಡ್ಯದ ನಾಲಿಗೆಯ ಮೇಲೆ ಅವರು ಆನ್ಸ್ ಸಾಯೇಬರೂ ಇಲ್ಡಮ್ಮನೂ ಆದರು. ಅವ್ವನಿಗಂತೂ ಆಕೆ ಇಲ್ಡವ್ವ.

ಒಂದು ದಿನ ಸಾಹೇಬರು ನಮ್ಮಿಬ್ಬರನ್ನೂ ನಾಲ್ಕು ಗಂಟೆಗೆ ಕಾಫಿಗೆ ಕರೆದರು. ಅವರ ಊರಿನಲ್ಲಿ ತಡವಾಗಿ ಹೋಗುವುದು ಎಷ್ಟು ತಪ್ಪೋ ಬೇಗ ಹೋಗುವುದೂ ಅಷ್ಟೇ ತಪ್ಪು ಎಂದು ನನಗೆ ಯಾರೋ ಹೆದರಿಸಿದ್ದರು. ಬೇಗ ಬಂದವರು ಬೀದಿ ಸುತ್ತಿ ಹೊತ್ತು ಕಳೆದು, ಸರಿಯಾದ ಸಮಯಕ್ಕೆ ಬಾಗಿಲು ತಟ್ಟುತ್ತಾರಂತೆ. ನಾವು ಬೇಗ ಹೋಗಿಬಿಟ್ಟಿದ್ದೆವು. ಹೊಂಗೆ ಮರದ ಮರೆಯಲ್ಲಿ ಅವ್ವನನ್ನು ನಿಲ್ಲಿಸಿಕೊಂಡು, ಗಡಿಯಾರ ನೋಡುತ್ತಾ ಬೆವರುತ್ತಿದ್ದೆ.

“ನೆಂಟರ ಮನೆ ಬಾಗ್ಲಿಗೆ ಬಂದು ಕಳ್ರಂಗೆ ನಿಂತ್ಕಳದು ಯಾವ ಸೀಮೆ ಪದ್ಧತಿ ಕಣ್ಲಾ?” ಎಂದಳು ಅವ್ವ.

ನಾನು ಅವಳಿಗೆ ಮುಹೂರ್ತದ ಹೋಲಿಕೆ ಕೊಟ್ಟೆ. ನಾವೂ ಕೂಡ ತಾಳಿ ಕಟ್ಟುವಾಗ ಗಳಿಗೆ ತಪ್ಪಬಾರದೆಂದು ಒದ್ದಾಡುತ್ತೇವಲ್ಲ, ಇವರು ಕಾಫಿಗೂ ಒಂದು ಮುಹೂರ್ತ ಇಟ್ಟುಕೊಂಡಿದ್ದಾರೆ, ಅಷ್ಟೇ ವ್ಯತ್ಯಾಸ ಎಂದೆ. ಅವ್ವನಿಗೆ ಅದು ಸಮಂಜಸವಾಗಿ ಕಂಡಿತು. ಆಮೇಲೆ ಅವಳೇ ನೆರೆಹೊರೆಯವರಿಗೆ, ಆನ್ಸ್ ಸಾಯೇಬರ ಮನೆಯಲ್ಲಿ ದಿನಕ್ಕೊಂದು ಲಗ್ನ ಎಂದು ಹೇಳಿಕೊಂಡು ಬಂದಳು.

ಒಳಗೆ ಹೋದೆವು. ಮೇಜಿನ ಮೇಲೆ ಬಿಳಿ ಬಟ್ಟೆ, ಹೂವು, ಬೆಣ್ಣೆಯ ಪರಿಮಳದ ಒಂದು ದೊಡ್ಡ ಕೇಕು. ಹಿಲ್ಡಮ್ಮ ಒಂದು ತುಂಡು ಕತ್ತರಿಸಿ ಅವ್ವನ ಮುಂದೆ ಹಿಡಿದರು. ಅವ್ವ ಬ್ಯಾಡ ಎಂದಳು. ನನ್ನ ಮುಂದೆ ಹಿಡಿದರು. ನಾನೂ ಬೇಡ ಎಂದೆ. ಹಿಲ್ಡಮ್ಮ ತಲೆಯಾಡಿಸಿ, ಆ ತುಂಡನ್ನು ತಮ್ಮ ತಟ್ಟೆಗೆ ಹಾಕಿಕೊಂಡು ತಿನ್ನತೊಡಗಿದರು. ಸಾಹೇಬರು ಎರಡು ತುಂಡು ತಿಂದರು. ಎರಡನೆಯ ಕರೆ ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ನಾವು ತಾಯಿಮಗ ಕಾದೆವು. ಕೇಕು ಒಳಗೆ ಹೋಯಿತು. ನನ್ನ ಹೊಟ್ಟೆ ಒಂದು ಶಬ್ದ ಮಾಡಿತು, ಸಾಹೇಬರು ಸಭ್ಯತೆಯಿಂದ ಕಿಟಕಿಯ ಕಡೆ ನೋಡಿದರು.

ಮನೆಗೆ ಬರುವ ದಾರಿಯಲ್ಲಿ ಅವ್ವ, “ಎಂಥಾ ಜೀನರ್ಲಾ ಇವ್ರು” ಎಂದಳು. ಅವಳು ಕೇಕಿಗಾಗಿ ಅಳುವವಳಲ್ಲ. ಮರ್ಯಾದೆ ಹೋಯಿತಲ್ಲ ಎಂಬುದು ಅವಳ ಸಂಕಟ.

ಹೀಗೆ ಶುರುವಾದ ಸ್ನೇಹ ಉಳಿಯುತ್ತದೆಂದು ನಾನು ಎಣಿಸಿರಲಿಲ್ಲ. ಆದರೆ ಅವ್ವನಿಗೆ ಕುತೂಹಲ ಹೆಚ್ಚು. ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಾ ಬಂಗಲೆಯನ್ನು ನೋಡುವುದು ಅವಳಿಗೆ ಪುರಾಣ ಕೇಳಿದಷ್ಟೇ ಹಿತವಾಗಿತ್ತು. ದಿನವೂ ಬೆಳಿಗ್ಗೆ ಹಿಲ್ಡಮ್ಮ ಮನೆಯ ಕಿಟಕಿಗಳನ್ನೆಲ್ಲ ತೆರೆದು, ಕೊಕ್ಕರೆಯಷ್ಟು ಬೆಳ್ಳಗಿನ ಒಂದು ಗರಿಯ ಹೊದಿಕೆಯನ್ನು ಮಹಡಿಯ ಕಿಟಕಿಯ ಮೇಲೆ ಹೊರಕ್ಕೆ ಇಳಿಬಿಡುತ್ತಿದ್ದರು. ಹಾಸಿಗೆ ಗಾಳಿ ಕುಡಿಯದಿದ್ದರೆ ಅವರಿಗೆ ನಿದ್ದೆ ಬರುವುದಿಲ್ಲವಂತೆ. ನಮ್ಮ ಲೈನಿನ ಮನೆಗಳಲ್ಲಿ ಇದಕ್ಕೆ ಬೇರೆಯೇ ಅರ್ಥ ಹುಟ್ಟಿತು. ಅಷ್ಟು ದೊಡ್ಡ ಎಂಜಿನಿಯರು, ಪಾಪ, ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ ಎಂದು ಜನ ಮರುಗಿದರು. ಕಾರ್ಖಾನೆಯ ಕೂಗು ಆಗಿ ಬೆಳಗಿನ ಪಾಳಿ ಒಳಗೆ ಹೋಗುವ ಹೊತ್ತಿಗೆ ಹೊದಿಕೆ ಒಳಗೆ ಹೋಗಿರುತ್ತಿತ್ತು. ಒಂದು ದಿನವೂ ತಪ್ಪಿದ್ದಿಲ್ಲ.

ಸಾಹೇಬರಿಗೆ ಕೈ ಕುಲುಕುವ ಪದ್ಧತಿ. ಪಾಳಿಗೆ ಬಂದೊಡನೆ ಫಿಟ್ಟರು, ಬಾಯ್ಲರಿನವನು, ಗುಡಿಸುವವನು ಎನ್ನದೆ ಎಲ್ಲರ ಕೈ ಹಿಡಿದು ಒಮ್ಮೆ ಜಗ್ಗಿ ಬಿಡುತ್ತಿದ್ದರು, ಹೋಗುವಾಗ ಮತ್ತೆ ಅದೇ. ಗ್ರೀಸಿನ ಕೈಯವರು ಕೈ ಹಿಂದೆ ಕಟ್ಟಿಕೊಂಡು ಓಡುತ್ತಿದ್ದರು, ಸಾಹೇಬರು ಅಟ್ಟಿಸಿಕೊಂಡು ಹೋಗಿ ಕುಲುಕುತ್ತಿದ್ದರು. ಹುಟ್ಟಿದ ಹಬ್ಬದ ವಿಷಯದಲ್ಲಿ ಇನ್ನೊಂದು ಬಗೆ. ನಾಳೆ ರಜೆ, ಸಿಗುವುದಿಲ್ಲವಲ್ಲ ಎಂದು ನಾನು ಹಿಂದಿನ ದಿನವೇ ಶುಭ ಕೋರಿದಾಗ ಅವರು ಕರೆಂಟು ತಗುಲಿದವರಂತೆ ಹಿಂದೆ ಸರಿದರು. ಬರದ ದಿನಕ್ಕೆ ಮೊದಲೇ ಶುಭ ಹೇಳಿದರೆ ಕೇಡು ಎಂದು ಅವರ ಅಜ್ಜಿ ಹೇಳಿದ್ದರಂತೆ. ಎಂಜಿನ್ ಬಿಚ್ಚಿ ಜೋಡಿಸುವ ಮನುಷ್ಯ ಅಜ್ಜಿಯ ಮಾತಿಗೆ ಅಷ್ಟು ಹೆದರಿದ್ದು ಕಂಡು ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು.

ಆಮೇಲೆ ಹಿಲ್ಡಮ್ಮ ಬಸುರಿಯಾದರು. ಅವ್ವನಿಗೆ ಆ ಮನೆಗೆ ಹೋಗಲು ಇನ್ನು ಯಾರ ಕರೆಯೂ ಬೇಕಿರಲಿಲ್ಲ. ಹಿಲ್ಡಮ್ಮನಿಗೆ ಸೊಪ್ಪಿನವಳಿಂದ, ಹಾಲಿನವಳಿಂದ ಆಯ್ದುಕೊಂಡ ಒಂದಿಷ್ಟು ಕನ್ನಡ ಬರುತ್ತಿತ್ತು. ಅಷ್ಟರಲ್ಲೇ ಇಬ್ಬರೂ ಜಗಲಿಯಲ್ಲಿ ಅಲಸಂದೆ ಕಾಯಿ ಬಿಡಿಸುತ್ತಾ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಒಂದು ಸಂಜೆ ನಾನು ಅವ್ವನನ್ನು ಕರೆಯಲು ಹೋದಾಗ ಹಳೆಯ ಕೇಕಿನ ವಿಚಾರ ನಡೆದಿತ್ತು.

“ನಮ್ಮೂರು, ಬೇಡ ಅಂದ್ರೆ ಬೇಡ. ಇನ್ನೊಂದ್ಸಲ ಕೇಳೋದು ತಪ್ಪು. ಅವಮಾನ. ನಿನ್ನ ಮಾತು ನಾ ನಂಬಲ್ಲ, ಅಂತ ಆಗ್ತದೆ” ಎಂದರು ಹಿಲ್ಡಮ್ಮ.

“ನಮ್ಮೂರಲ್ಲಿ ಬ್ಯಾಡ ಅಂದ್ರೆ ಇನ್ನೊಂದಪ ಕೇಳು ಅಂತ ಕಣವ್ವ” ಎಂದಳು ಅವ್ವ. “ಮೊದಲ್ನೇ ಕಿತಕ್ಕೇ ಊಂ ಅಂದ್ಬುಟ್ರೆ ಎಂಥಾ ಎಂಗ್ಸು ಇವ್ಳು ಅಂತಾರೆ. ನೀನೂ ಕಲ್ತ್ಕೋ. ಯಾರಾರಾ ಕರುದ್ರೆ ಮೊದ್ಲು ಬ್ಯಾಡ ಅನ್ನು.”

ಹಿಲ್ಡಮ್ಮ ಶ್ರದ್ಧೆಯಿಂದ ತಲೆಯಾಡಿಸಿದರು. ಅವ್ವನೂ ತಲೆಯಾಡಿಸಿದಳು. ಇಬ್ಬರೂ ಒಬ್ಬರ ಪದ್ಧತಿಗೆ ಒಬ್ಬರು ನಕ್ಕರು. ನನಗೂ ನಗು ಬಂತು. ಆ ದಿನಗಳಲ್ಲಿ ನಗಲು ಸಿಕ್ಕಿದ್ದನ್ನು ಯಾರೂ ಬಿಡುತ್ತಿರಲಿಲ್ಲ. ಏಕೆಂದರೆ ರೈಲಿನಲ್ಲಿ ಬರುವ ಪತ್ರಿಕೆಗಳ ತುಂಬ ಯುದ್ಧ ಇವತ್ತೋ ನಾಳೆಯೋ ಎಂಬ ಸುದ್ದಿಯೇ. ಬಂಗಲೆಯ ರೇಡಿಯೋ ಗೊರಗುಟ್ಟುವ ಸದ್ದು ನಮ್ಮ ಹಿತ್ತಿಲಿಗೂ ಕೇಳುತ್ತಿತ್ತು. ಸಾಹೇಬರು ಬೆಳಿಗ್ಗೆ ಕೈ ಕುಲುಕುವಾಗ ಅಂಗೈ ತಣ್ಣಗಿರುತ್ತಿತ್ತು. ಹಿಂದೆ ಕೈ ಕೊಡಲು ಓಡಿಬರುತ್ತಿದ್ದ ಗುಮಾಸ್ತರು ಈಗ ಅವರನ್ನು ಕಂಡರೆ ಕಾಗದಗಳಲ್ಲಿ ತಲೆ ಹುದುಗಿಸುತ್ತಿದ್ದರು.

ಕೊನೆಗೆ ಯುದ್ಧ ಹತ್ತಿಕೊಂಡಿತು. ಜರ್ಮನ್ ಗಂಡಸರನ್ನೆಲ್ಲ ಹಿಡಿದು ಶಿಬಿರಕ್ಕೆ ಕಳಿಸಬೇಕೆಂದು ಹುಕುಮ್ ಬಂತು. ಇನ್ಸ್‌ಪೆಕ್ಟರು ಇಬ್ಬರು ಕಾನ್‌ಸ್ಟೇಬಲುಗಳೊಡನೆ ಬಂಗಲೆಗೆ ಬಂದಾಗ ಅವರ ಕಾಫಿಯ ಹೊತ್ತು. ನಾನು, ಅವ್ವ, ಲೈನಿನ ಜನ ಬೇಲಿಯ ಈಚೆ ನಿಂತಿದ್ದೆವು. ಸಾಹೇಬರು ಬಟ್ಟಲಿನಲ್ಲಿ ಉಳಿದದ್ದನ್ನು ಕುಡಿದು ಮುಗಿಸಿದರು, ಬಾಯಿ ಒರೆಸಿಕೊಂಡರು, ಸಣ್ಣ ಪೆಟ್ಟಿಗೆ ಹಿಡಿದು ಹೊರಗೆ ಬಂದರು. ಇನ್ಸ್‌ಪೆಕ್ಟರಿಗೆ ಕೈ ಚಾಚಿದರು. ಆಮೇಲೆ ಇಬ್ಬರು ಕಾನ್‌ಸ್ಟೇಬಲುಗಳ ಕೈಯನ್ನೂ ಹಿಡಿದು ಕುಲುಕಿದರು. ಅವರಲ್ಲೊಬ್ಬ ಎಳೆಯ ವಯಸ್ಸಿನವನು, ಹಿಡಿಯಲು ಬಂದ ಕೈಯನ್ನೇ ಹಿಡಿದುಬಿಟ್ಟರಲ್ಲ ಎಂದು ಕಂಗಾಲಾಗಿ ಸೆಲ್ಯೂಟು ಹೊಡೆದ. ಯಾರೂ ನಗಲಿಲ್ಲ. ಮೆಟ್ಟಿಲ ಮೇಲೆ ಹಿಲ್ಡಮ್ಮ ಎರಡು ಕೈಯಿಂದ ಹೊಟ್ಟೆ ಹಿಡಿದುಕೊಂಡು ನಿಂತಿದ್ದರು. ತಿಂಗಳು ತುಂಬುತ್ತಾ ಬಂದಿತ್ತು.

ಹೆಂಗಸರ ವಿಷಯದಲ್ಲಿ ಮುಂದಿನ ಹುಕುಮ್ ಬರುವವರೆಗೆ ಬಂಗಲೆಯಲ್ಲೇ ಇರಬಹುದು ಎಂದರು ಇನ್ಸ್‌ಪೆಕ್ಟರು. ಗೇಟಿಗೆ ಒಬ್ಬ ಕಾವಲು. ಅಡುಗೆಯವನು ಅದೇ ಸಂಜೆ ಮಳವಳ್ಳಿಗೆ ಓಡಿಹೋದ. ಹಾಲಿನವಳು ಗೇಟಿನವರೆಗೆ ಬಂದು ಕಾವಲಿನವನ ಪೇಟ ಕಂಡು ಹಿಂದಿರುಗಿದಳು. ಕಾರ್ಖಾನೆಯಲ್ಲಿ ನಮ್ಮ ಮೇಲಧಿಕಾರಿ ನನ್ನನ್ನು ಕರೆದು, ಬಂಗಲೆಯ ಕಡೆ ಸುಳಿಯುವವರ ಹೆಸರು ಮೇಲಕ್ಕೆ ಹೋಗುತ್ತದೆ, ಎಚ್ಚರವಾಗಿರಿ ಎಂದರು. ಕೆಲಸ ಸಿಕ್ಕಿ ವರ್ಷವೂ ಸರಿಯಾಗಿ ಆಗಿರಲಿಲ್ಲ. ನನಗೆ ಭಯವಾಯಿತು, ಅದರಲ್ಲಿ ಮುಚ್ಚುಮರೆಯೇನೂ ಇಲ್ಲ.

ಅವ್ವನಿಗೆ ಭಯದ ಅಭ್ಯಾಸವೇ ಇಲ್ಲ. ಮರುದಿನ ಬೆಳಿಗ್ಗೆ ಸೆರಗಿನಲ್ಲಿ ನಾಲ್ಕು ರೊಟ್ಟಿ ಸುತ್ತಿಕೊಂಡು ಹೊರಟೇಬಿಟ್ಟಳು. ಬಂದಾಗ ಮುಖ ಸಪ್ಪಗಿತ್ತು.

“ನಮ್ಮನೆಗೆ ಬಂದ್ಬುಡವ್ವ, ಒಬ್ಳೇ ಇರಬ್ಯಾಡ ಅಂದೆ ಕಣ್ಲಾ. ಬ್ಯಾಡ ಅಂದ್ಳು.”

“ಆಮೇಲೆ?”

“ಆಮೇಲೇನು? ಅವ್ರಲ್ಲಿ ಬ್ಯಾಡ ಅಂದ್ರೆ ಬ್ಯಾಡ. ಇನ್ನೊಂದಪ ಕೇಳುದ್ರೆ ಅವಮಾನ. ಗಂಡನ್ನ ಎಳ್ಕೊಂಡೋಗವ್ರೆ, ಅದರ್ ಮ್ಯಾಲೆ ನಾನೂ ಅವಮಾನ ಮಾಡ್ಲಾ? ರೊಟ್ಟಿ ಮಡುಗ್ಬುಟ್ಟು ಬಂದೆ.”

ಅಲ್ಲಿ ನಿಜವಾಗಿ ಆದದ್ದು ಏನೆಂದು ಹಿಲ್ಡಮ್ಮ ನನಗೆ ಆಮೇಲೆ ಹೇಳಿದರು. ಅವ್ವ ಕರೆದಾಗ ಅವರಿಗೆ ಹೋದ ಜೀವ ಬಂದಂತಾಗಿತ್ತಂತೆ. ಆದರೆ ಈ ಊರಿನಲ್ಲಿ ಕರೆದ ಕೂಡಲೇ ಹೂಂ ಎನ್ನುವ ಹೆಂಗಸು ಬರಗೆಟ್ಟವಳು ಎಂದು ಜಗಲಿಯ ಮೇಲೆ ಪಾಠವಾಗಿತ್ತಲ್ಲ. ಅವ್ವನ ಮುಂದೆ ಬರಗೆಟ್ಟವಳಾಗಬಾರದೆಂದು ಮರ್ಯಾದೆಗೆ ಒಂದು ‘ಬೇಡ’ ಹೇಳಿ, ಎರಡನೆಯ ಕರೆಗೆ ಕಾದರು. ಅವ್ವ ರೊಟ್ಟಿ ಇಟ್ಟು ಮೆಟ್ಟಿಲಿಳಿದಳು. ಗೇಟಿನ ಹತ್ತಿರವಾದರೂ ತಿರುಗಿ ಕೇಳುತ್ತಾಳೆ ಎಂದು ನೋಡುತ್ತಾ ನಿಂತರು. ಅವ್ವ ತಿರುಗಲಿಲ್ಲ. ನಮ್ಮವರು ಅವರ ಪದ್ಧತಿಯನ್ನೂ, ಅವರು ನಮ್ಮ ಪದ್ಧತಿಯನ್ನೂ ಚೆನ್ನಾಗಿ ಕಲಿತುಕೊಂಡಿದ್ದರಿಂದ ಆದ ಅನಾಹುತ ಅದು. ಇಬ್ಬರೂ ಕಲಿಯದೆ ದಡ್ಡರಾಗಿ ಉಳಿದಿದ್ದರೆ ಅವ್ವ ಮೂರು ಸಲ ಕರೆಯುತ್ತಿದ್ದಳು, ಆಕೆ ಮೊದಲ ಸಲಕ್ಕೇ ಬರುತ್ತಿದ್ದರು.

ಇದು ಆಗ ನಮಗೆ ತಿಳಿಯದು. ಅವ್ವ ಆ ದಿನವೆಲ್ಲ ಊಟ ಮಾಡದೆ ಒಳಗೂ ಹೊರಗೂ ತಿರುಗಿದಳು. ಮರುದಿನ ನಾನು ಕೆಲಸದ ನಡುವೆ ಊಟಕ್ಕೆ ಬಂದಾಗ ಹಿತ್ತಿಲಿನಲ್ಲಿ ನಿಂತಿದ್ದಳು. ಮೈಸೂರಿನ ಕಡೆಯಿಂದ ಮೋಡ ಕಪ್ಪಾಗಿ ಏರಿ ಬರುತ್ತಿತ್ತು.

“ಆ ಕಿಟ್ಕಿ ನೋಡ್ಲಾ” ಎಂದಳು.

ಮಹಡಿಯ ಕಿಟಕಿಯಲ್ಲಿ ಗರಿಯ ಹೊದಿಕೆ ಇಳಿಬಿದ್ದಿತ್ತು. ಬೆಳಗಿನ ಪಾಳಿಯ ಕೂಗಾಗಿ ಎಷ್ಟೋ ಹೊತ್ತಾಗಿತ್ತು. ಬಿಸಿಲು ಬಂದು ಹೋಗಿತ್ತು, ಈಗ ಗಾಳಿಗೆ ಅದರ ಒಂದು ತುದಿ ಗೋಡೆಗೆ ಬಡಿಯುತ್ತಿತ್ತು.

“ಒಂದ್ ದಿನ್ವೂ ಇಷ್ಟೊತ್ತು ಬುಟ್ಟೋಳಲ್ಲ. ಒಳಿಕ್ಕೆ ಎಳ್ಕಳಕ್ಕೂ ಆಗ್ದೆ ಬಿದ್ದವ್ಳೋ ಏನೋ” ಎಂದಳು ಅವ್ವ. ನಾನು ಮೇಲಧಿಕಾರಿಯ ಮಾತು ಎತ್ತುವ ಮೊದಲೇ ಬೇಲಿ ದಾಟಿದ್ದಳು. ನಾನೂ ಹಿಂದೆ ಓಡಿದೆ. ಹನಿ ಬೀಳುತ್ತಿತ್ತು.

ಬಾಗಿಲು ತೆರೆದೇ ಇತ್ತು. ಮೇಲೆ ಹೋದರೆ, ಹಿಲ್ಡಮ್ಮ ಕಿಟಕಿಯ ಕೆಳಗೆ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಜ್ವರವಿಲ್ಲ, ನೋವಿಲ್ಲ, ಏಳಬೇಕೆನ್ನುವುದೇ ಇರಲಿಲ್ಲ ಅಷ್ಟೆ. ಅವ್ವನ ರೊಟ್ಟಿ ಮೇಜಿನ ಮೇಲೆ ಹಾಗೇ ಒಣಗಿತ್ತು. ಅವ್ವ ಅವರನ್ನು ಒಂದು ಮಾತೂ ಕೇಳಲಿಲ್ಲ. ಕಿಟಕಿಯಿಂದ ಹೊದಿಕೆಯನ್ನು ಎಳೆದಳು, ಮಡಿಸಿ ಸಿಂಬಿಯ ಮೇಲೆ ಹುಲ್ಲಿನ ಹೊರೆ ಇಡುವಂತೆ ತಲೆಯ ಮೇಲಿಟ್ಟುಕೊಂಡಳು, ಇನ್ನೊಂದು ಕೈಯಿಂದ ಹಿಲ್ಡಮ್ಮನ ತೋಳು ಹಿಡಿದು ಎಬ್ಬಿಸಿದಳು. ಮೆಟ್ಟಿಲಿಳಿದರು. ಗೇಟಿನಲ್ಲಿ ಕಾವಲಿನವನು ಎಲ್ಲಿಗಮ್ಮ ಎಂದ.

“ಮಳೆ ಬತ್ತದೆ, ದಾರಿ ಬುಡಪ್ಪ” ಎಂದಳು ಅವ್ವ.

ಅವನು ಬಿಟ್ಟ. ಹೊದಿಕೆ ಮುಂದೆ, ಹೊದಿಕೆಯ ಒಡತಿ ಅದರ ಹಿಂದೆ, ನಾನು ಎಲ್ಲರ ಹಿಂದೆ ನಮ್ಮ ಮನೆ ಸೇರಿದೆವು.

ಆಮೇಲಿನ ಒಂದು ವಾರ ನಾನು ಉಸಿರು ಬಿಗಿಹಿಡಿದೇ ಬದುಕಿದೆ. ಪ್ರಯೋಗಶಾಲೆಯಲ್ಲಿ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಮದುವೆಯಾಗದ ಹುಡುಗನ ಮನೆಯಲ್ಲಿ ಶತ್ರುವಿನ ಹೆಂಡತಿ ಎಂದು ಲೈನಿನಲ್ಲಿ ಪಿಸುಮಾತು. ಬೂಟಿನ ಸದ್ದು ಕೇಳಿದರೆ ಕೈಯಲ್ಲಿದ್ದ ತುತ್ತು ಕೈಯಲ್ಲೇ ನಿಲ್ಲುತ್ತಿತ್ತು. ಕೊನೆಗೊಂದು ಮಧ್ಯಾಹ್ನ ಬೂಟು ಬಂದು ನಮ್ಮ ಬಾಗಿಲಲ್ಲೇ ನಿಂತಿತು. ಅದೇ ಇನ್ಸ್‌ಪೆಕ್ಟರು, ಮದ್ದೂರಿನ ಕಡೆಯವರು.

“ಶತ್ರು ದೇಶದ ಹೆಂಗಸು, ಯಾರನ್ನ ಕೇಳಿ ಇಲ್ಲಿಗೆ ಬಂದಳು?” ಎಂದು ನನ್ನನ್ನು ಕೇಳಿದರು.

ಕೆಲಸ ಹೋಗುತ್ತದೆ, ಆಕೆಯನ್ನು ಈಗಲೇ ಕರೆದೊಯ್ದು ಒಂಟಿಯಾಗಿ ಬಂಗಲೆಗೆ ತಳ್ಳುತ್ತಾರೆ, ಹೆರಿಗೆ ಅಲ್ಲೇ, ಯಾರೂ ಇಲ್ಲದೆ. ಇಷ್ಟೇ ತಲೆಯಲ್ಲಿ ಸುತ್ತುತ್ತಿತ್ತು. ಹಿಲ್ಡಮ್ಮ ಕೋಣೆಯ ಬಾಗಿಲಲ್ಲಿ ನಿಂತು ನಮ್ಮ ಮುಖಗಳನ್ನೇ ನೋಡುತ್ತಿದ್ದರು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು.

“ಚೊಚ್ಚಿಲ ಬಸ್ರಿ ಸ್ವಾಮಿ. ತವ್ರುಮನೆ ಸಮುದ್ರದ ಆಚೆಗದೆ. ಇನ್ನೆಲ್ಲಿಗೋದಾಳು?”

“ಅದಕ್ಕೆ ಅಪ್ಪಣೆ ಬೇಕಮ್ಮ.”

“ನೀವು ಮದ್ದೂರು ಕಡೆಯೋರಂತೆ, ನಿಮಗೆ ನಾನೇನೇಳದು” ಎಂದಳು ಅವ್ವ. “ಕೊಕ್ಕರೆ ಬೆಳ್ಳೂರಿಗೆ ವರ್ಸಾ ವರ್ಸಾ ಅದ್ಯಾವ್ ದೇಸದಿಂದ್ಲೋ ಕೊಕ್ಕರೆಗಳು ಮರಿ ಮಾಡಕ್ಕೆ ಬತ್ತವೆ. ತವ್ರಿಗೆ ಬಂದೋ ಅಂತಾರೆ ಊರೋರು. ಮರಿ ರೆಕ್ಕೆ ಬಲಿಯೋಗಂಟ ಆ ಮರದ ಉಣಸೇಕಾಯಿಗೂ ಕೈ ಆಕಲ್ಲ. ಅವನ್ನ ಯಾರ್ನ ಕೇಳಿ ಬಂದ್ರಿ ಅಂತ ಯಾವ ಪೋಲೀಸ್ನೋರೂ ಕೇಳಿದ್ದ ನಾ ಕಾಣೆ.”

ಇನ್ಸ್‌ಪೆಕ್ಟರು ಹಿಲ್ಡಮ್ಮನ ಕಡೆ ಒಮ್ಮೆ ನೋಡಿ ಕಣ್ಣು ತೆಗೆದರು. ಬಹಳ ಹೊತ್ತು ಟೋಪಿಯ ಅಂಚನ್ನು ಉಜ್ಜಿದರು.

“ಬಾಣಂತನ ಎಷ್ಟು ತಿಂಗಳು ಮಾಡ್ತೀರಿ?”

“ಐದು ತಿಂಗ್ಳು ಸ್ವಾಮಿ.”

“ಮೂರು.”

“ಚೊಚ್ಚಿಲು ಸ್ವಾಮಿ” ಎಂದಳು ಅವ್ವ.

“ಐದೇ ಆಗಲಿ” ಎಂದರು ಅವರು. “ಹುಕುಮ್ ಬಂದರೆ ನಾನೇ ಬಂದು ಹೇಳ್ತೀನಿ. ಅಲ್ಲೀಗಂಟ ಇಲ್ಲೇ ಇರಲಿ.”

ಬೂಟಿನ ಸದ್ದು ದೂರವಾದ ಮೇಲೆ ನಾನು ಹಿಲ್ಡಮ್ಮನಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಕೊಕ್ಕರೆಯ ಮಾತಿಗೆ ಬಂದಾಗ ಆಕೆ ಗಂಡ ಹೋದ ಮೇಲೆ ಮೊದಲ ಸಲ ನಕ್ಕರು, ನಗುತ್ತಲೇ ಅತ್ತರು. ಅವರ ದೇಶದಲ್ಲಿ ಮನೆಗಳಿಗೆ ಮಕ್ಕಳನ್ನು ತಂದುಕೊಡುವುದೇ ಕೊಕ್ಕರೆಯಂತೆ. ತಮ್ಮನೋ ತಂಗಿಯೋ ಬೇಕೆನ್ನುವ ಮಕ್ಕಳು ಕಿಟಕಿಯ ಮೇಲೆ ಒಂದಿಷ್ಟು ಸಕ್ಕರೆ ಇಟ್ಟು ಅದನ್ನು ಕರೆಯುತ್ತಾರಂತೆ.

ಅವ್ವ ಅದನ್ನು ಮೂರು ಸಲ ಹೇಳಿಸಿಕೊಂಡು ಕೇಳಿದಳು. ಆಮೇಲೆ ಹೆಣ್ಣು ಮಗು ಹುಟ್ಟಿದ್ದು, ಒಪ್ಪಿದ ತಿಂಗಳುಗಳ ಬಾಣಂತನ ನಡೆದದ್ದು, ತಾಯಿಮಗುವನ್ನು ಹೆಂಗಸರ ಶಿಬಿರದ ಕಡೆ ರೈಲು ಹತ್ತಿಸಿ ಅವ್ವ ವಾರಗಟ್ಟಲೆ ಮಂಕಾದದ್ದು, ಯುದ್ಧ ಮುಗಿದ ಮೇಲೂ ಅವರ ಸುದ್ದಿ ನಮಗೆ ಸಿಗದೆ ಹೋದದ್ದು, ಎಲ್ಲ ಬೇರೆ ಮಾತು. ಆದರೆ ಇನ್ಸ್‌ಪೆಕ್ಟರು ಬಂದುಹೋದ ಆ ಸಂಜೆ ನಾನು ಹಿತ್ತಿಲಿನಿಂದ ಒಳಗೆ ಬಂದಾಗ, ನಮ್ಮ ಕಿಟಕಿಯ ಕಟ್ಟೆಯ ಮೇಲೆ ಒಂದು ಹಿಡಿ ಸಕ್ಕರೆ ಇತ್ತು. ಕೊಕ್ಕರೆ ಬಂದಿರಲಿಲ್ಲ. ಗೋಡೆಯ ಬಿರುಕಿನಿಂದ ಹೊರಟು ಇರುವೆಗಳು ಸಾಲಾಗಿ ಬಂದಿದ್ದವು. ನಮ್ಮ ಮನೆಯಲ್ಲಿ ಒಂದು ಇರುವೆ ಕಂಡರೂ ಪೊರಕೆ ಹಿಡಿಯುವ ಅವ್ವ ಪಕ್ಕದಲ್ಲೇ ಕೂತು ಅವನ್ನು ನೋಡುತ್ತಿದ್ದಳು. ಯಾರನ್ನು ಕೇಳಿ ಬಂದಿರಿ ಎಂದು ಅವಳು ಅವನ್ನೂ ಕೇಳಲಿಲ್ಲ.